ನರ್ಸಿಂಗ್ ಶಿಕ್ಷಣದ ಸಾಲವೂ ಆಸ್ಪತ್ರೆಯ ರಾತ್ರಿಪಾಳಿಯೂ

ನಮ್ಮ ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳನ್ನು ಕುರಿತು ಬಲ್ಲ ವೈದ್ಯರು ಬರೆಯುವುದು ವಾಡಿಕೆ. ವಾಣಿಜ್ಯಶಾಸ್ತ್ರವನ್ನೋದಿ, ಎರಡು ದಶಕಗಳಿಂದ ಬ್ಯಾಂಕಿನ ಕಡತಗಳ ನಡುವೆ ಕಾಲ ಕಳೆದಿರುವ ನನ್ನಂಥವನು ಆ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂರುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ವೈದ್ಯರು ದಾದಿಯರ ವಿಷಯವಾಗಿ ಬರೆದುದನ್ನು ನಾನು ಕಂಡದ್ದು ಕಡಿಮೆ. ದಾದಿಯರ ಶಿಕ್ಷಣಸಾಲದ ಕಡತಗಳಾದರೋ ನನ್ನ ಮೇಜಿನ ಮೇಲೆಯೇ ಬಂದು ಬೀಳುತ್ತವೆ. ಆ ಅಧಿಕಾರದ ಮೇಲೆ ಈ ನಾಲ್ಕು ಮಾತು.

ಕೆಲವು ವರ್ಷಗಳ ಹಿಂದೆ ನನ್ನ ತಾಯಿಯವರನ್ನು ಮುಂಬಯಿಯ ಉಪನಗರದ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಬೇಕಾಯಿತು. ಸಾಮಾನ್ಯ ವಾರ್ಡು. ರಾತ್ರಿ ನಾನೇ ಜೊತೆಗಿದ್ದೆ. ಎಣಿಸುವುದು ವೃತ್ತಿಯಿಂದ ಬಂದ ಚಟವಾದುದರಿಂದ ಹಾಸಿಗೆಗಳನ್ನು ಎಣಿಸಿದೆ: 26. ಅವಕ್ಕೆ ರಾತ್ರಿಪಾಳಿಯಲ್ಲಿ ಒಬ್ಬಳು ದಾದಿ, ಇನ್ನೂ ತರಬೇತಿಯಲ್ಲಿರುವ ಒಬ್ಬ ಹುಡುಗಿ. ಅಮ್ಮನ ಸಲೈನ್ ಬಾಟಲಿ ಖಾಲಿಯಾಗಿ ಅರ್ಧ ಗಂಟೆಯ ಮೇಲಾದರೂ ಯಾರೂ ಬಾರದಿದ್ದಾಗ ನಾನು ಎದ್ದು ಹೋಗಿ ಗದರಿದೆ. ಆಕೆ ವಾರ್ಡಿನ ಆ ತುದಿಯಲ್ಲಿ ಉಸಿರಾಟದ ತೊಂದರೆಯಾಗಿದ್ದ ವೃದ್ಧರೊಬ್ಬರನ್ನು ಎತ್ತಿ ಕೂರಿಸಿ ಆಮ್ಲಜನಕ ಕೊಡುತ್ತಿದ್ದಳು. ಹಿಂತಿರುಗಿದಾಗ ಅಮ್ಮ ಹೇಳಿದರು: "ಆ ಹೆಣ್ಣನ್ನು ಯಾಕೆ ಬೈತೆ ಮಾರಾಯ? ಅವಳಿಗೂ ಇರುವುದು ಎರಡೇ ಕಾಲು."

ಇರಬೇಕಾದದ್ದೆಷ್ಟು ಎಂಬ ಪ್ರಶ್ನೆ ಆಗ ಮನಸ್ಸಿನಲ್ಲಿ ನಿಂತಿತು. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗಳಿಗೆ ಒಬ್ಬ ದಾದಿ. ಇದು ಒಟ್ಟು ನೇಮಕಾತಿಯ ಲೆಕ್ಕವೆಂಬುದನ್ನು ಗಮನಿಸಬೇಕು. ಮೂರು ಪಾಳಿಗಳಿಗೆ ಹಂಚಿದರೆ ಪ್ರತಿ ಪಾಳಿಯಲ್ಲಿ ಒಂಬತ್ತು ರೋಗಿಗಳಿಗೆ ಒಬ್ಬಳು. ರಜೆಗೆಂದು ಶೇಕಡಾ 30ರಷ್ಟು ಮೀಸಲು ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇದು ಕಾನೂನೇ ಆಗಿದೆ. ಅಲ್ಲಿ 2005ರಿಂದ ಸಾಮಾನ್ಯ ವಾರ್ಡಿನ ಯಾವ ಪಾಳಿಯಲ್ಲಿಯೂ ಒಬ್ಬ ದಾದಿಗೆ ಐವರಿಗಿಂತ ಹೆಚ್ಚು ರೋಗಿಗಳನ್ನು ವಹಿಸುವಂತಿಲ್ಲ. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದವರನ್ನು ಕುರಿತು ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕ್ಷೇತ್ರದಲ್ಲಿ ಪ್ರಸಿದ್ಧ. ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಮೂವತ್ತು ದಿನಗಳೊಳಗೆ ಮರಣ ಸಂಭವಿಸುವ ಸಾಧ್ಯತೆ ಶೇಕಡಾ 7ರಷ್ಟು ಏರುವುದನ್ನು ಅವರು ಕಂಡರು. ವೈದ್ಯರು ದಿನಕ್ಕೆರಡು ಬಾರಿ ಬಂದು ಹೋಗುವವರು. ನಡುವಿನ ಇಪ್ಪತ್ತಮೂರು ಗಂಟೆ ರೋಗಿಯ ನಾಡಿ ಏರಿದುದನ್ನು, ಮೂತ್ರ ಕಡಿಮೆಯಾದುದನ್ನು, ಮಾತು ತೊದಲಿದುದನ್ನು ಮೊದಲು ಕಾಣುವ ಕಣ್ಣು ದಾದಿಯದು. ಆ ಕಣ್ಣು 26 ಹಾಸಿಗೆಗಳ ಮೇಲೆ ಹರಡಿಹೋದರೆ ಕಾಣದೆ ಉಳಿಯುವುದೇ ಹೆಚ್ಚು.

ಶುಶ್ರೂಷೆಯೆಂದರೆ ದಿಂಬು ಸರಿಪಡಿಸಿ ಮಾತ್ರೆ ಕೊಡುವುದೆಂದು ತಿಳಿದವರು ನಮ್ಮಲ್ಲಿ ಅನೇಕರು. ಹಾಸಿಗೆಹುಣ್ಣಿನ ಉದಾಹರಣೆಯೊಂದೇ ಸಾಕು. ಚಲನೆಯಿಲ್ಲದೆ ಮಲಗಿದವರ ಸೊಂಟ, ಹಿಮ್ಮಡಿ, ಬೆನ್ನಿನ ತಳಗಳಲ್ಲಿ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಒತ್ತಿಹೋಗಿ, ಸಣ್ಣ ರಕ್ತನಾಳಗಳು ಮುಚ್ಚಿ, ಕೆಲವೇ ಗಂಟೆಗಳಲ್ಲಿ ಅಂಗಾಂಶ ಸಾಯತೊಡಗುತ್ತದೆ. ತೇವವಿದ್ದರೆ ಇನ್ನೂ ಬೇಗ. ಒಮ್ಮೆ ಆದ ಹುಣ್ಣು ಮೂಳೆಯವರೆಗೂ ಇಳಿಯಬಹುದು; ನಂಜಾಗಿ ಪ್ರಾಣಕ್ಕೂ ಮುಳುವಾಗಬಹುದು. ಇದಕ್ಕೆ ಮುಖ್ಯ ಮದ್ದೆಂದರೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒಣಗಿಸುವುದು, ಉಣಿಸುವುದು, ಚರ್ಮವನ್ನು ನೋಡುತ್ತಿರುವುದು.

ಮುಂಬಯಿಯ ಕನ್ನಡಿಗರಿಗೆ ಇಲ್ಲೊಂದು ಹೆಸರು ನೆನಪಾಗಲೇಬೇಕು. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಿಂದ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ್ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬನ ಪಾಶವೀ ದಾಳಿಗೆ ತುತ್ತಾದರು. ಮೆದುಳಿಗೆ ಆಮ್ಲಜನಕ ನಿಂತು, 2015ರ ಮೇ 18ರಂದು ಕಣ್ಣುಮುಚ್ಚುವವರೆಗೆ ನಾಲ್ಕು ದಶಕಗಳಿಗೂ ಮೀರಿ ಅಲ್ಲಿಯೇ ಮಲಗಿದ್ದರು. ತಲೆಮಾರಿನ ನಂತರ ತಲೆಮಾರಿನ ದಾದಿಯರು ಅವರನ್ನು ನೋಡಿಕೊಂಡರು. ದಯಾಮರಣದ ಅರ್ಜಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಅಷ್ಟು ವರ್ಷಗಳಲ್ಲಿ ಅವರಿಗೆ ಹಾಸಿಗೆಹುಣ್ಣು ಆಗದಂತೆ ನೋಡಿಕೊಂಡಿದ್ದ ಸಂಗತಿ ದೇಶಕ್ಕೆ ತಿಳಿಯಿತು. 2011ರ ಮಾರ್ಚ್ 7ರ ತೀರ್ಪು ಆ ಸಿಬ್ಬಂದಿಯನ್ನೇ ಅರುಣಾ ಅವರ ಪರವಾಗಿ ಮಾತನಾಡಲು ಅರ್ಹರಾದ ಆಪ್ತರೆಂದು ಮನ್ನಿಸಿತು. ಎರಡು ಗಂಟೆಗೊಮ್ಮೆ, ನಲವತ್ತು ವರ್ಷ: ಈ ಗುಣಾಕಾರವನ್ನು ವಾಚಕರೇ ಮಾಡಿಕೊಳ್ಳಲಿ.

ಇಂಥ ಕೈಗಳು ತಯಾರಾಗುವುದು ಎಲ್ಲಿ? 1946ರ ಭೋರ್ ಸಮಿತಿಯ ವರದಿಯ ಕಾಲಕ್ಕೆ ನಮ್ಮ ದೇಶದಲ್ಲಿ 43,000 ಜನರಿಗೆ ಒಬ್ಬ ದಾದಿಯಿದ್ದಳು. ಅದೇ ವರ್ಷ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಪದವಿ ಮಟ್ಟದ ಶಿಕ್ಷಣ ಆರಂಭವಾಯಿತು. ಮರುವರ್ಷ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂದಿತು. ಇದರ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವೊಂದನ್ನು ರಚಿಸುವ ಕಾನೂನನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಇಂದು ಎರಡು ವರ್ಷದ ಎ.ಎನ್.ಎಂ., ಮೂರು ವರ್ಷದ ಜಿ.ಎನ್.ಎಂ., ನಾಲ್ಕು ವರ್ಷದ ಬಿ.ಎಸ್ಸಿ. ಎಂಬ ಮೂರು ಮುಖ್ಯ ಮೆಟ್ಟಿಲುಗಳಿವೆ. ಕಾಲೇಜುಗಳಿಗೆ ಕೊರತೆಯಿಲ್ಲ, ಕರ್ನಾಟಕದಲ್ಲಂತೂ ಕೇರಳದಿಂದ ಬಂದು ಓದುವವರೇ ಬಹುಮಂದಿ. ಕೊರತೆಯಿರುವುದು ಕಾಲೇಜಿನ ಹಿಂದಿರಬೇಕಾದ ಆಸ್ಪತ್ರೆಗೆ. ಪುಸ್ತಕದಿಂದ ಸೂಜಿ ಚುಚ್ಚಲು ಬರುವುದಿಲ್ಲ. ಮಧ್ಯಪ್ರದೇಶದಲ್ಲಿ ಉಚ್ಚ ನ್ಯಾಯಾಲಯದ ಆದೇಶದಂತೆ ಸಿ.ಬಿ.ಐ. ತನಿಖೆ ನಡೆದಾಗ ಎಷ್ಟೋ ನರ್ಸಿಂಗ್ ಕಾಲೇಜುಗಳು ಅಯೋಗ್ಯವೆಂದು ಕಂಡುಬಂದವು. 2024ರಲ್ಲಿ ಲಂಚದ ಆರೋಪದ ಮೇಲೆ ತನಿಖೆಗೆ ಹೋದ ಅಧಿಕಾರಿಗಳೇ ಬಂಧಿತರಾದರು! ಬೇಲಿಯೇ ಎದ್ದು ಹೊಲ ಮೇಯ್ದ ಕಥೆ.

ಇನ್ನು ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಬಿ.ಎಸ್ಸಿ. ನರ್ಸಿಂಗಿಗೆ ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ಸಾಲ, ಬಡ್ಡಿ ಶೇಕಡಾ 10.5 ಎಂದಿಟ್ಟುಕೊಳ್ಳೋಣ. ಓದಿನ ಅವಧಿ ಮತ್ತು ಅನಂತರದ ಒಂದು ವರ್ಷ ಕಂತಿಲ್ಲ. ಆದರೆ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಐದು ವರ್ಷ ಮುಗಿಯುವಾಗ ಅದು 1,47,000 ರೂಪಾಯಿ. ಸಾಲ 5,47,000 ಆಯಿತು. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 7,400.

ಯಾದಗಿರಿ ಜಿಲ್ಲೆಯಿಂದ ಗಾರೆ ಕೆಲಸಕ್ಕೆಂದು ಮುಂಬಯಿಗೆ ಬಂದು ನೆಲೆಸಿದ ಕುಟುಂಬವೊಂದರ ಮಗಳು ಹೀಗೆಯೇ ಸಾಲ ಪಡೆದು, ಕರ್ನಾಟಕದಲ್ಲಿ ಓದಿ ಬಂದು, ಇಲ್ಲಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದಳು. ಸಂಬಳ 16,000. ಎರಡು ಕಂತು ತಪ್ಪಿದವು. ತೊಂಬತ್ತು ದಿನ ದಾಟಿದರೆ ಖಾತೆ ವಸೂಲಾಗದ ಸಾಲಗಳ ಪಟ್ಟಿಗೆ ಸೇರುವುದರಿಂದ ಪತ್ರ ಬರೆದು ಕರೆಸಿದೆ. ಬೇರೆ ಕಡೆ ಹೆಚ್ಚಿನ ಸಂಬಳಕ್ಕೆ ಪ್ರಯತ್ನಿಸಬಾರದೇ ಎಂದು ಕೇಳಿದೆ. "ಸರ್ಟಿಫಿಕೇಟೆಲ್ಲಾ ಅವ್ರ ಹತ್ರಾನೇ ಅದಾವ್ರೀ ಸರ. ಎರಡು ವರ್ಷದ ಬಾಂಡ್ ಬರಿಸ್ಕೊಂಡಾರ. ನಡುವ ಬಿಡ್ತೀನಂದ್ರ ಐವತ್ತು ಸಾವಿರ ಕಟ್ಟಂತಾರ" ಎಂದಳು. ಅವಧಿಯನ್ನು ಹದಿನೈದು ವರ್ಷಕ್ಕೆ ವಿಸ್ತರಿಸಿ ಕಂತನ್ನು 6,050ಕ್ಕೆ ಇಳಿಸಿಕೊಟ್ಟೆ. ನನ್ನ ಕೈಯಲ್ಲಿದ್ದ ಉಪಕಾರ ಅಷ್ಟೇ. ಅದೂ ಪೂರ್ತಿ ಉಪಕಾರವಲ್ಲ. ಹದಿನೈದು ವರ್ಷ ಹಾಗೆ ಕಟ್ಟಿದರೆ ನಾಲ್ಕು ಲಕ್ಷ ಪಡೆದವಳು ಬ್ಯಾಂಕಿಗೆ ಕೊಡುವುದು ಸುಮಾರು 10 ಲಕ್ಷ 88 ಸಾವಿರ.

ಇದು ಒಬ್ಬಳ ಕಥೆಯಲ್ಲ. 2011 ಮತ್ತು 2012ರಲ್ಲಿ ಮುಂಬಯಿ, ದೆಹಲಿ, ಕೇರಳಗಳ ಖಾಸಗಿ ಆಸ್ಪತ್ರೆಗಳ ದಾದಿಯರು ಮುಷ್ಕರ ಹೂಡಿದ್ದು ಸಂಬಳ ಮತ್ತು ಬಾಂಡುಗಳ ಈ ಪ್ರಶ್ನೆಯ ಮೇಲೆಯೇ. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 2016ರ ಜನವರಿಯಲ್ಲಿ ಅದು ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ಸಮಿತಿ ರಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿ ಸಂಬಳ ಸರ್ಕಾರಿ ದಾದಿಯರಿಗೆ ಸಮನಾಗಿರಬೇಕು, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಕಿರಿಯ ಆಸ್ಪತ್ರೆಯಲ್ಲಿಯೂ 20,000ಕ್ಕಿಂತ ಕಡಿಮೆಯಿರಬಾರದು ಎಂದು ಸಮಿತಿ ಹೇಳಿತು. ಆದರೆ ಅದು ಶಿಫಾರಸು. ಆರೋಗ್ಯ ರಾಜ್ಯಗಳ ವಿಷಯವಾದುದರಿಂದ ಜಾರಿ ಅವುಗಳ ಇಚ್ಛೆಗೆ ಬಿಟ್ಟದ್ದು. ಕೇರಳ 2018ರಲ್ಲಿ 20,000ದ ಕನಿಷ್ಠ ವೇತನವನ್ನು ಅಧಿಸೂಚನೆಯ ಮೂಲಕ ಗೊತ್ತುಪಡಿಸಿತು.

ನಾನು ಹೇಳಿದ ಹುಡುಗಿ ಬಾಂಡಿನ ಅವಧಿ ಮುಗಿದು ಪ್ರಮಾಣಪತ್ರಗಳು ಕೈಗೆ ಬಂದ ಕೆಲವೇ ತಿಂಗಳಲ್ಲಿ ಮಸ್ಕತ್ತಿಗೆ ಹೋದಳು. ಈಗ ಕಂತಿನ ದುಪ್ಪಟ್ಟು ಹಣ ತಪ್ಪದೆ ಬರುತ್ತಿದೆ. ಬ್ಯಾಂಕಿನ ದೃಷ್ಟಿಯಿಂದ ಅತ್ಯುತ್ತಮ ಖಾತೆ. ಅವಳನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಅವಳ ತಂದೆಯ ಜಿಲ್ಲೆಯ ಕಡೆಯಿಂದ ನೋಡಿದರೆ ಲೆಕ್ಕ ಬೇರೆ.

ಒಂದು ಕಾಲಕ್ಕೆ ನಮ್ಮ ಹಳ್ಳಿಗಳ ಹೆರಿಗೆ ಸೂಲಗಿತ್ತಿಯರ ಕೈಯಲ್ಲಿತ್ತು. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಇಂದು ಆ ಕಾಲ ಮುಗಿದಿದೆ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇಕಡಾ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತವೆ. ಹಾಗಿದ್ದೂ 2018ರಿಂದ 20ರ ಅವಧಿಯಲ್ಲಿ, ಒಂದು ಲಕ್ಷ ಜೀವಂತ ಜನನಗಳಿಗೆ ಕೇರಳದಲ್ಲಿ 19, ತಮಿಳುನಾಡಿನಲ್ಲಿ 54 ತಾಯಂದಿರು ಮರಣ ಹೊಂದಿದರೆ ಕರ್ನಾಟಕದಲ್ಲಿ 69. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ಇದಕ್ಕೆ ವಿವಾಹದ ವಯಸ್ಸು, ರಕ್ತಹೀನತೆ, ರಸ್ತೆ, ರಕ್ತನಿಧಿ ಎಲ್ಲವೂ ಕಾರಣವೇ. ಆದರೆ ಗರ್ಭಿಣಿ ಆಸ್ಪತ್ರೆಯ ಬಾಗಿಲು ದಾಟಿದ ಮಾತ್ರಕ್ಕೆ ಮುಗಿಯಲಿಲ್ಲ. ಹೆರಿಗೆಯ ನಂತರದ ಮೊದಲ ಗಂಟೆಗಳಲ್ಲಿ ಗರ್ಭಕೋಶ ಸಡಿಲಗೊಂಡು ರಕ್ತ ಹರಿಯತೊಡಗಿದರೆ, ಅದನ್ನು ಕೂಡಲೇ ಕಂಡು, ಹೊಟ್ಟೆಯ ಮೇಲಿಂದ ಉಜ್ಜಿ, ಚುಚ್ಚುಮದ್ದು ಕೊಟ್ಟು ವೈದ್ಯರನ್ನು ಎಬ್ಬಿಸಬೇಕಾದವಳು ಪಕ್ಕದಲ್ಲಿರುವ ದಾದಿ.

ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದಲ್ಲಿಯೇ ಇದ್ದವು. ಅಂಥ ಕಡೆ ನೆಲೆನಿಲ್ಲುವ ದಾದಿಯರು ಯಾರು? ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳನ್ನೇ ಆರಿಸಿ ಓದಿಸಿದರೆ ಅವರು ಅಲ್ಲಿ ಉಳಿಯುವ ಸಂಭವ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಿಂದಲೂ ಹೇಳುತ್ತ ಬಂದಿದೆ. ಆದರೆ ಸಾಲ ಮಾಡಿ ಓದಿದವಳು ಸಾಲ ತೀರುವ ಕಡೆಗೇ ಹೋಗಬೇಕಾಗುತ್ತದೆ.

ಭಾಷೆಯ ವಿಷಯವೂ ಒಂದಿದೆ. ಯಾದಗಿರಿ, ಕಲಬುರಗಿಗಳಿಂದ ಇಲ್ಲಿಗೆ ಬಂದ ಕೂಲಿಕಾರರು ನಗರಪಾಲಿಕೆಯ ಆಸ್ಪತ್ರೆಗಳಲ್ಲಿ "ಹೊಟ್ಟಿ ತೊಳಸ್ತೈತಿ" ಎಂದರೆ ತಿಳಿಯುವವರು ಬೇಕಲ್ಲವೇ? ನಮ್ಮ ಹೆಣ್ಣುಮಕ್ಕಳು ಈ ವೃತ್ತಿಗೆ ಹೋಗುವುದು ವಿರಳ. ಬಿ.ಕಾಂ. ಆಯಿತು, ಎಂಜಿನಿಯರಿಂಗ್ ಆಯಿತು. ನರ್ಸಿಂಗ್ ಎಂದರೆ ಮನೆಯಲ್ಲಿ ಮೌನ. ನನ್ನ ಮನೆಯೂ ಇದಕ್ಕೆ ಹೊರತಲ್ಲ.

ಆದರೂ ಹೊರಟ ಕುಟುಂಬಗಳಿಗೆ ಕೆಲವು ಮಾತು. ಕಾಲೇಜಿಗೆ ಹಣ ಕಟ್ಟುವ ಮುನ್ನ ಅದರ ಆಸ್ಪತ್ರೆಗೆ ಹೋಗಿ ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ ನೋಡಿರಿ. ವಿಶ್ವವಿದ್ಯಾಲಯ ಮತ್ತು ರಾಜ್ಯ ಪರಿಷತ್ತಿನ ಮಾನ್ಯತೆಯನ್ನೂ ಭಾರತೀಯ ಪರಿಷತ್ತಿನ ಪಟ್ಟಿಯನ್ನೂ ಪರಿಶೀಲಿಸಿರಿ. 2017ರಲ್ಲಿ ಈ ಎರಡರ ನಡುವೆ ಕರ್ನಾಟಕದಲ್ಲಿ ಎದ್ದ ವಿವಾದದಿಂದ ಹೊರರಾಜ್ಯದ ವಿದ್ಯಾರ್ಥಿನಿಯರು ಸಾಲಕ್ಕಾಗಿ ಪರದಾಡಿದ್ದುಂಟು. ಏಳೂವರೆ ಲಕ್ಷದವರೆಗಿನ ಸಾಲವನ್ನು ಸರ್ಕಾರದ ಖಾತರಿ ಯೋಜನೆಯಡಿ ಆಸ್ತಿ ಅಡಮಾನವಿಲ್ಲದೆ ಕೊಡಲು ಅವಕಾಶವಿದೆ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ಮೀರದಿದ್ದರೆ ಓದಿನ ಅವಧಿಯ ಬಡ್ಡಿಗೆ ಕೇಂದ್ರದ ಸಹಾಯಧನವಿದೆ. ಅರ್ಜಿ ಹಾಕುವಾಗಲೇ ಕೇಳಿರಿ, ಕೇಳದವರಿಗೆ ಹೇಳುವ ಪುರುಸೊತ್ತು ಎಲ್ಲ ಶಾಖೆಗಳಲ್ಲಿ ಇರುವುದಿಲ್ಲ. ಕರ್ನಾಟಕದಲ್ಲಿ ನೋಂದಣಿಯಾದವಳು ಇಲ್ಲಿ ಕೆಲಸ ಮಾಡಬೇಕಾದರೆ ಮಹಾರಾಷ್ಟ್ರದ ಪರಿಷತ್ತಿನಲ್ಲಿಯೂ ನೋಂದಾಯಿಸಬೇಕು. ಮೂಲ ಪ್ರಮಾಣಪತ್ರಗಳನ್ನು ಯಾವ ಆಸ್ಪತ್ರೆಗೂ ಒಪ್ಪಿಸಬೇಡಿರಿ. ತೋರಿಸಿ, ನಕಲು ಕೊಟ್ಟು, ಹಿಂದಕ್ಕೆ ತನ್ನಿರಿ.

ಸಂಘವು ಪ್ರತಿವರ್ಷ ಅಂಕಗಳನ್ನು ನೋಡಿ ಮಕ್ಕಳಿಗೆ ಬಹುಮಾನ ಕೊಡುತ್ತದೆ. ಆದಾಯದ ಮಿತಿ ಸ್ವಲ್ಪ ಮೀರಿ ಸಹಾಯಧನ ತಪ್ಪಿದ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿಯ ಬಡ್ಡಿಯನ್ನು ಮಾತ್ರ ಸಂಘ ಕಟ್ಟಿತೆಂದುಕೊಳ್ಳಿ. ಮೊದಲ ವರ್ಷ 10,500, ಎರಡನೆಯದು 21,000, ಮೂರನೆಯದು 31,500, ಕಡೆಯ ಎರಡು ವರ್ಷ ತಲಾ 42,000. ಅವಳ ಕಂತು 7,400ರಿಂದ 5,400ಕ್ಕೆ ಇಳಿಯುತ್ತದೆ. ಈ ಲೆಕ್ಕದ ಹಾಳೆಯನ್ನು ನಮ್ಮ ಖಜಾಂಚಿಯವರಿಗೆ ಕೊಟ್ಟಿದ್ದೇನೆ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವುದಾಗಿ ಹೇಳಿದ್ದಾರೆ.