ಬಾಚಿ ಹಿಡಿದ ಮನೆಯ ಬರಹ

ಕೊಣ್ಣೂರಿನ ಪರಮೇಶ್ವರ ಗುಡಿಯ ಶಾಸನ ಒಂದು ಪ್ರತಿ. ಮೂಲದಲ್ಲಿ ಅದು ತಾಮ್ರಪಟವಾಗಿತ್ತು ಎಂದು ಆ ಕಲ್ಲೇ ಹೇಳಿಕೊಳ್ಳುತ್ತದೆ. ಶಕ ವರ್ಷ 782ರ ಚಂದ್ರಗ್ರಹಣದ ದಿನ, ಅಂದರೆ ಕ್ರಿ.ಶ. 860ರ ಅಕ್ಟೋಬರ್ 3ರಂದು, ಮಾನ್ಯಖೇಟದ ಅರಸ ಅಮೋಘವರ್ಷ ತನ್ನ ದಂಡನಾಯಕ ಬಂಕೇಯನ ಬಿನ್ನಹ ಮನ್ನಿಸಿ ಒಂದು ದತ್ತಿ ಕೊಟ್ಟ. ಬಂಕೇಯ ಕೊಳನೂರಿನಲ್ಲಿ ಕಟ್ಟಿಸಿದ್ದ ಬಸದಿಗೆ ತಳೆಯೂರೆಂಬ ಹಳ್ಳಿ ಸಂದಿತು. ಆ ಕೊಳನೂರೇ ಮಲಪ್ರಭೆಯ ದಂಡೆಯ ಇಂದಿನ ಕೊಣ್ಣೂರು, ನರಗುಂದ ತಾಲ್ಲೂಕಿನದು. ಇದಾಗಿ ಸುಮಾರು ಮುನ್ನೂರು ವರ್ಷಗಳ ಮೇಲೆ ಊರಿನ ಮಹಾಪ್ರಭು ಹುಳಿಯಮರಸ ಮತ್ತಿತರರು ಕೇಳಿಕೊಂಡಿದ್ದಕ್ಕೆ ವೀರನಂದಿ ಮುನಿಗಳು ತಾಮ್ರಪಟದ ಬರಹವನ್ನು ಕಲ್ಲಿಗೆ ಇಳಿಸಿದರು. ಪ್ರತಿ ಮಾಡುವಾಗ ಮೂಲದಲ್ಲಿ ಇಲ್ಲದ್ದೂ ಸೇರಿಕೊಂಡಿರಬೇಕೆಂದು ವಿದ್ವಾಂಸರು ಅನುಮಾನಪಟ್ಟಿದ್ದಾರೆ. ಇರಲಿ. ಯಾರೋ ಕೂತು ಪ್ರತಿ ಮಾಡಿದ್ದರಿಂದಲೇ ಇವತ್ತು ನಮಗೆ ಓದಲು, ಅನುಮಾನಪಡಲು ಒಂದು ಬರಹ ಉಳಿದಿದೆ.

ಆ ಕಲ್ಲಿನ ಮೇಲೆ ಉಳಿ ಆಡಿಸಿದ ಕೈ ಅರಸನ ಮಾತನ್ನು ಕೆತ್ತಿತು, ಮುನಿಯ ಮಾತನ್ನು ಕೆತ್ತಿತು. ಅಂಥ ಕೈಗಳು ತಮ್ಮ ಮಾತನ್ನೂ ಬರೆದುಕೊಂಡವೇ? ಬಡಿಗ, ಕಮ್ಮಾರ, ಅಕ್ಕಸಾಲಿ, ಕಲ್ಲುಕುಟಿಗ, ಕುಂಬಾರ, ಅವರ ಹೆಂಡಿರು, ಮಕ್ಕಳು ಕಟ್ಟಿದ್ದು ಎಲ್ಲಿ ಹೋಯಿತು?

ಹೊಳೆಯ ಹರಿವಿನ ಜೊತೆಗೆ ಕೆಳಗೆ ನಡೆದರೆ ಪಟ್ಟದಕಲ್ಲು ಸಿಗುತ್ತದೆ. ಅಲ್ಲಿ ಎಂಟನೆಯ ಶತಮಾನದಲ್ಲಿ, ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿಯಲ್ಲಿ (ಈಗಿನ ವಿರೂಪಾಕ್ಷ), ಕಟ್ಟಿದವರ ಹೆಸರು ಹಳಗನ್ನಡದಲ್ಲಿಯೇ ಇದೆ. ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಬಂದದ್ದನ್ನು ಬರೆದಿದೆ. ಸರ್ವಸಿದ್ಧಿ ಆಚಾರಿಯ ವಿಷಯವಂತೂ ಓದಬೇಕಾದದ್ದು. ಆತ ತೆಂಕಣ ಸೀಮೆಯ ಸೂತ್ರಧಾರಿ. ಮನೆ, ಮಾಡ, ವಾಹನ, ಆಸನ, ಮಂಚ, ಮುಕುಟ ಎಲ್ಲ ಬಲ್ಲವನು. ಕಲ್ಲಿನ ಕೆಲಸದವನ ಬಗ್ಗೆ ಹೇಳುವಾಗ ಕೂಡುವ ಮಣೆ, ಮಲಗುವ ಮಂಚದವರೆಗೂ ಲೆಕ್ಕ ಹಿಡಿದ ಆ ಬರಹದಲ್ಲಿ ಕಸುಬಿನವನ ಅಭಿಮಾನ ಎದ್ದು ಕಾಣುತ್ತದೆ. ನನಗೆ ಅದು ಹೊಗಳಿಕೆಗಿಂತ ಹೆಚ್ಚಾಗಿ ಒಬ್ಬ ಮನುಷ್ಯನ ಜೀವಮಾನದ ಕೆಲಸದ ಪಟ್ಟಿಯಂತೆ ತೋರುತ್ತದೆ.

ಅಮೋಘವರ್ಷನ ಆಸ್ಥಾನದಲ್ಲೇ ಹುಟ್ಟಿದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ನಾಲ್ಕು ಊರುಗಳ ಹೆಸರು ಹಿಡಿದು ತೋರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಈಗಿನ ಲೆಕ್ಕದಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೈಲಹೊಂಗಲ ಸೀಮೆಯ ವಕ್ಕುಂದ. ನಕಾಶೆಯ ಮೇಲೆ ಈ ನಾಲ್ಕಕ್ಕೂ ಒಂದು ದಾರ ಸುತ್ತಿದರೆ ಕೊಣ್ಣೂರಿನ ಸೀಮೆ ಅದರ ಮಡಿಲಿಗೆ ಬೀಳುತ್ತದೆ. ಈ ನಾಡಿನವರು ಓದಿನ ಹಂಗಿಲ್ಲದೆಯೂ ಕಾವ್ಯ ಕಟ್ಟಬಲ್ಲವರು ಎಂದು ಹೇಳಿದ್ದೂ ಅದೇ ಗ್ರಂಥ. ಆ ಮಾತನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹಾಗೆ ಕಟ್ಟಿದವರ ಮನೆಯ ಅಟ್ಟದಲ್ಲಿ ಏನಿದೆ ಎಂದು ಏಣಿ ಹಾಕಿ ನೋಡಿದವರು ಕಡಿಮೆ.

ಹಾಗೆ ನೋಡಿದ್ದರಿಂದ ನಮಗೆ ದಕ್ಕಿದ ಒಂದು ಮನೆಯ ಬಗ್ಗೆ ಹೇಳುತ್ತೇನೆ. ಅದು ಬಾಚಿಕಾಯಕದ ಬಸವಯ್ಯನ ಮನೆ. ಹನ್ನೆರಡನೆಯ ಶತಮಾನದ ಬಡಿಗ. ಬಾಚಿಯೇ ಅವನ ಹೆಸರಿನ ಮೊದಲ ಭಾಗವಾಗಿ ಉಳಿದಿದೆ. ಅವನ ವಚನಗಳ ಅಂಕಿತವೂ ಚಿಕ್ಕದಲ್ಲ: ಬಸವಣ್ಣಪ್ರಿಯ ವಿಶ್ವಕರ್ಮಟಕ್ಕೆ ಕಾಳಿಕಾವಿಮಲ ರಾಜೇಶ್ವರಲಿಂಗ. ಹೊಸದಾಗಿ ಒಪ್ಪಿಕೊಂಡ ಬಸವಣ್ಣನೂ ಅದರಲ್ಲಿದ್ದಾನೆ, ಕಸುಬಿನ ಮೂಲಪುರುಷ ವಿಶ್ವಕರ್ಮನೂ ಇದ್ದಾನೆ, ಮನೆತನದ ಕಾಳಿಕೆಯೂ ಇದ್ದಾಳೆ. ಕೊಣ್ಣೂರಿನ ಸುತ್ತಮುತ್ತಲಿನ ಬಡಿಗೇರ, ಕಂಬಾರ, ಪತ್ತಾರ ಮನೆಗಳವರಿಗೆ ಈ ಕಾಳಿಕೆ ದೂರದವಳಲ್ಲ. ಸವದತ್ತಿ ಸೀಮೆಯ ಶಿರಸಂಗಿಯಲ್ಲಿ ಕಾಳಮ್ಮನಿದ್ದಾಳೆ, ಯುಗಾದಿಯ ಹೊತ್ತಿಗೆ ಅವಳ ಜಾತ್ರೆ.

ಆ ಮನೆಯಲ್ಲಿ ಬರೆದವನು ಗಂಡನೊಬ್ಬನೇ ಅಲ್ಲ. ವಚನ ಸಂಪುಟಗಳಲ್ಲಿ ಅವನ ಹೆಂಡತಿಯನ್ನು ‘ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ’ ಎಂದು ಕರೆದಿದೆ. ಅವಳ ಗುರುತು ಗಂಡನ ಕಸುಬಿನ ಬೆನ್ನಿಗಿದೆ, ಆದರೆ ಅಂಕಿತ ಅವಳದೇ: ಕರ್ಮಹರ ಕಾಳೇಶ್ವರ. ನೇಕಾರ ದಾಸಿಮಯ್ಯನ ಹೆಂಡತಿ ದುಗ್ಗಳೆ ಗಂಡನ ಹೆಸರನ್ನು ತನ್ನ ಅಂಕಿತದೊಳಗೇ ತಂದು ದಾಸಯ್ಯಪ್ರಿಯ ರಾಮನಾಥ ಎಂದಳು. ಕುಂಬಾರ ಗುಂಡಯ್ಯನ ಹೆಂಡತಿ ಕೇತಲದೇವಿ ಮಡಕೆಯಿಂದಲೇ ದೇವರ ಹೆಸರು ಎತ್ತಿಕೊಂಡು ಕುಂಭೇಶ್ವರ ಎಂದಳು. ಕಾಳವ್ವೆಯ ಕಾಳೇಶ್ವರನಿಗೆ ಗಂಡನ ಹೆಸರೂ ಇಲ್ಲ, ಬಾಚಿಯೂ ಇಲ್ಲ.

ಬಾಚಿ ಅವಳ ವಚನದ ಒಳಗಿದೆ. ಒಂದು ಪುಟ್ಟ ವಚನದಲ್ಲಿ ಅವಳು ಕೆತ್ತುವ ಕೈ ತಪ್ಪಿದರೆ ಪೆಟ್ಟು ಕಾಲಿಗೆ ಎನ್ನುವುದರಿಂದ ತೊಡಗುತ್ತಾಳೆ. ಅಲ್ಲಿಂದ ನುಡಿ ತಪ್ಪಿದರೆ ಬಾಯಿಗಾಗುವ ಕೇಡಿಗೆ, ಅಲ್ಲಿಂದ ವ್ರತಗೆಟ್ಟವರ ಸಂಗಕ್ಕೆ ಬರುತ್ತಾಳೆ. ಅಷ್ಟೇ ವಚನ. ಮುಗಿಯಿತು. ಇದನ್ನು ಓದಿ ನೀತಿಯ ಮಾತು ಎಂದು ದಾಟಿಹೋಗುವವರಿಗೆ ನಾನು ಒಂದು ಸಲ ಬಡಿಗನ ಕೆಲಸ ನೋಡಿ ಬನ್ನಿ ಎನ್ನುತ್ತೇನೆ. ಕೊಡಲಿಯ ಅಲಗು ಕಾವಿನ ಗುಂಟ ಇರುತ್ತದೆ. ಬಾಚಿಯ ಅಲಗು ಕಾವಿಗೆ ಅಡ್ಡ, ಬಾಯಿ ಬಡಿಗನ ಕಡೆಗೆ. ಕಟ್ಟಿಗೆಯನ್ನು ಪಾದದಿಂದ ಅದುಮಿ ಹಿಡಿದು ಬಾಚಿಯನ್ನು ತನ್ನತ್ತಲೇ ಬೀಸಿ ಚಕ್ಕೆ ಎಬ್ಬಿಸಬೇಕು. ಪ್ರತಿ ಪೆಟ್ಟೂ ಕಾಲ್ಬೆರಳಿನ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ನೇಗಿಲು, ಕೂರಿಗೆ, ಕುಂಟಿ, ಬಂಡಿಯ ನೊಗ, ಎಲ್ಲವೂ ಹೀಗೆ ಕಾಲಿನ ಬುಡದಲ್ಲೇ ಆಕಾರ ಪಡೆದವು. ಬಾಚಿ ಹಿಡಿದವನಿಗೆ ಕಟ್ಟಿಗೆಯ ಮೇಲೆ ಕಣ್ಣು. ಅಂಗಳದಲ್ಲಿ ಓಡಾಡುವ ಹೆಂಡತಿಗೆ ಗಂಡನ ಕಾಲಿನ ಮೇಲೆ ಕಣ್ಣು. ಆ ವಚನದ ಮೊದಲ ಮಾತು ಬಂದದ್ದು ಆ ಕಣ್ಣಿನಿಂದ ಎಂದು ನಾನು ನಂಬುತ್ತೇನೆ. ಕಾಲಿಗೆ ಬೀಳುವ ಪೆಟ್ಟಿನ ಅಂಜಿಕೆ ಗೊತ್ತಿದ್ದವಳಿಗೆ ನಾಲಿಗೆ ತಪ್ಪುವುದರ ಅಂಜಿಕೆಯೂ ತಿಳಿಯಿತು. ಬಡಿಗನಿಗೆ ಬರೆಯಲಾಗದ ವಚನ ಇದು. ಬಡಿಗನ ಮನೆಯಲ್ಲಿ ಮಾತ್ರ ಹುಟ್ಟಬಹುದಾದದ್ದು.

ಈ ನಾಲ್ಕು ಮಾತು ನಮ್ಮ ಕೈ ಸೇರಲು ಎಂಟು ಶತಮಾನ ಹಿಡಿಯಿತು. ಓಲೆಗರಿಗೆ ಆಯುಷ್ಯ ಕಡಿಮೆ. ಹುಳು ತಿನ್ನುತ್ತದೆ, ದಾರದ ತೂತಿನ ಬಳಿ ಮುರಿಯುತ್ತದೆ, ಅಂಚು ಪುಡಿಯಾಗುತ್ತದೆ. ಕಮ್ಮಾರನ ಕುಲುಮೆಯಲ್ಲಿ ಹುಟ್ಟಿದ, ಗರಿಯ ಮೇಲೆ ಬರೆಯುವ ಕಂಟ ಹಿಡಿದು ಯಾರಾದರೂ ಹಳೆಯ ಗರಿಯನ್ನು ನೋಡಿ ಹೊಸ ಗರಿಗೆ ಕೊರೆಯಬೇಕು, ಮುಂದಿನ ತಲೆಮಾರಿನಲ್ಲಿ ಇನ್ನೊಬ್ಬರು ಕೊರೆಯಬೇಕು. ಬಸವಣ್ಣ, ಅಲ್ಲಮ, ಅಕ್ಕನ ವಚನಗಳಿಗೆ ಬೇರೆ ಕಟ್ಟುಗಳೇ ಇದ್ದವು. ಕಾಳವ್ವೆಯಂಥವರು ಉಳಿದದ್ದು ‘ಸಕಲ ಪುರಾತನರ ವಚನ’ದಂಥ ಕಟ್ಟುಗಳಲ್ಲಿ, ದೊಡ್ಡವರ ಸಾಲಿನ ನಡುವೆ ಒಂದೆರಡು ಗರಿಯ ಜಾಗದಲ್ಲಿ. ಆ ಜಾಗ ಉಳಿಸಬೇಕೆಂದು ಮನಸ್ಸು ಮಾಡಿದ ಲಿಪಿಕಾರರ ಹೆಸರು ಗೊತ್ತಿದ್ದರೆ ಇಲ್ಲಿ ಬರೆಯುತ್ತಿದ್ದೆ.

ಅಚ್ಚಿನ ಕಾಲಕ್ಕೆ ಆ ಕೆಲಸ ಮಾಡಿದವರ ಹೆಸರು ಎಲ್ಲರಿಗೂ ಗೊತ್ತು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆ, ಮಠಮಠ ಅಲೆದು ಓಲೆಗರಿ ಕೂಡಿಸಿದರು. 1923ರಲ್ಲಿ ವಚನಶಾಸ್ತ್ರಸಾರ ಹೊರಬಂತು. 1925ರಲ್ಲಿ ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ಶಿವಾನುಭವ ಪತ್ರಿಕೆ ಸುರುವಾಯಿತು. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ನೇತೃತ್ವದಲ್ಲಿ ಸಮಗ್ರ ವಚನ ಸಂಪುಟದ 15 ಸಂಪುಟಗಳು ಬಂದಾಗ ಶರಣೆಯರಿಗೆಂದೇ ಐದನೆಯ ಸಂಪುಟ ಮೀಸಲಾಯಿತು. ವೀರಣ್ಣ ರಾಜೂರರು ಸಂಪಾದಿಸಿದ ಆ ಸಂಪುಟದಲ್ಲಿ ಕಾಳವ್ವೆ ಅಕ್ಕಮಹಾದೇವಿಯ ಜೊತೆಗೆ ಕೂತಿದ್ದಾಳೆ.

ವಚನಗಳಿಗೆ ಹಳಕಟ್ಟಿ ಸಿಕ್ಕರು. ಆಟದ ಪುಸ್ತಕಗಳಿಗೆ? ಒಂಕುಂದದ ಸೀಮೆಯಲ್ಲೇ, ಬೈಲಹೊಂಗಲದಲ್ಲಿ ನಡೆದ ಒಂದು ಕೊಲೆಯ ಸುದ್ದಿ ಸಂಗ್ಯಾ ಬಾಳ್ಯಾ ಎಂಬ ಸಣ್ಣಾಟವಾಯಿತು. ಅದನ್ನು ಕಟ್ಟಿದವರು ಪತ್ತಾರ ಮಾಸ್ತರ. ಪತ್ತಾರರೆಂದರೆ ನಮ್ಮ ಕಡೆ ಬಂಗಾರದ ಕೆಲಸದವರು; ಮಾಸ್ತರ ಎಂದರೆ ಆಟ ಕಲಿಸುವವರು. ಆ ಆಟ ಬಹುಕಾಲ ಬಾಯಿಂದ ಬಾಯಿಗೆ, ಮೇಳದವರ ಕೈಬರಹದ ವಹಿಗಳಲ್ಲಿ ಊರೂರು ತಿರುಗಿತು. ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದವರು ಚಂದ್ರಶೇಖರ ಕಂಬಾರರು. ಘೋಡಗೇರಿಯ ಕಮ್ಮಾರರ ಮನೆಯಲ್ಲಿ ಹುಟ್ಟಿದವರು, ಮುಂದೆ 2010ರ ಸಾಲಿನ ಜ್ಞಾನಪೀಠ ಪಡೆದವರು. ಪತ್ತಾರರ ಮನೆಯ ಮಾತನ್ನು ಕಂಬಾರರ ಮನೆಯವರೇ ಕಾಪಾಡಿದಂತಾಯಿತು.

ಹಾಗೆ ಕಾಪಾಡುವವರು ಸಿಗದ ವಹಿಗಳು ಈ ಸೀಮೆಯಲ್ಲಿ ಇನ್ನೂ ಇವೆ. ಬಯಲಾಟದ ಕಿರೀಟ, ಭುಜಕೀರ್ತಿಗೆ ಹಗುರಾದ ಕಟ್ಟಿಗೆ ಕೆತ್ತಿದ ಮನೆಯಲ್ಲೇ ಆಟದ ಪದಗಳೂ ಇರುತ್ತವೆ. ತಂದೆ ಪದ ಕಟ್ಟಿದ್ದು, ಮಗ ತಿದ್ದಿದ್ದು, ಹಾಳೆಯ ಹಿಂಬದಿಗೆ ಕೂರಿಗೆ ರಿಪೇರಿಗೆ ಯಾರು ಎಷ್ಟು ಜೋಳ ಆಯ ಕೊಟ್ಟರೆಂಬ ಲೆಕ್ಕ. ಹೆಣ್ಣುಮಕ್ಕಳ ಸೋಬಾನೆ, ಬೀಸುವ ಪದ ಇವಕ್ಕೆ ಆ ಹಾಳೆಯಲ್ಲೂ ಜಾಗ ಸಿಕ್ಕಿದ್ದು ಅಪರೂಪ. ಇಂಥ ವಹಿಯನ್ನು ಮನೆಯವರು ಪುಸ್ತಕ ಎಂದು ಎಣಿಸುವುದಿಲ್ಲ. ಮನೆ ಕೆಡವಿ ಕಟ್ಟುವಾಗ ರದ್ದಿಗೆ ಹೋಗುತ್ತದೆ. ಇಲ್ಲವೇ ಹೊಳೆಗೆ.

ಹೊಳೆಯ ಮಾತು ಕೊಣ್ಣೂರಿನಲ್ಲಿ ಬರಿ ಮಾತಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಊರೊಳಗೆ ಬಂತು. ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿ ಬಂದ್ ಆಯಿತು, ಜನ ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದರು. ಅಂಥ ಹೊತ್ತಿನಲ್ಲಿ ಮನುಷ್ಯರು ಮಕ್ಕಳನ್ನು ಎತ್ತಿಕೊಳ್ಳುತ್ತಾರೆ, ದನ ಬಿಚ್ಚುತ್ತಾರೆ, ಉತಾರದ ಕಾಗದ ಹಿಡಿಯುತ್ತಾರೆ. ಅಜ್ಜನ ಆಟದ ವಹಿ ಟ್ರಂಕಿನಲ್ಲೇ ಉಳಿಯುತ್ತದೆ. ಯಾರನ್ನೂ ದೂರುವಂತಿಲ್ಲ. ಆದರೆ ನೀರು ಬರುವ ಮೊದಲೇ ಆ ವಹಿಗೆ ಇನ್ನೊಂದು ಪ್ರತಿ ಆಗಿದ್ದರೆ ಎಂದು ಮನಸ್ಸು ಹಳಹಳಿಸುತ್ತದೆ. ಧಾರವಾಡದ ಕನ್ನಡ ಅಧ್ಯಯನ ಪೀಠ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಬಾಗಲಕೋಟೆಯ ಬಯಲಾಟ ಅಕಾಡೆಮಿ, ಯಾವುದೂ ಇಲ್ಲಿಂದ ಹೋಗಿ ಬರಲಾರದಷ್ಟು ದೂರವಿಲ್ಲ. ಈಗಂತೂ ಹಾಳೆ ಹಾಳೆಗೂ ಫೋಟೊ ತೆಗೆಯುವ ಫೋನು ಮನೆಮನೆಯಲ್ಲಿದೆ. ಟ್ರಂಕು ತೆರೆಯಲು ಒಂದು ಮಧ್ಯಾಹ್ನ ಸಾಕು.

ಹಳೆಯ ಲಿಪಿಕಾರರು ಓಲೆಯ ಕಟ್ಟಿನ ಕೊನೆಯಲ್ಲಿ ಓದುವವರಿಗೆ ಒಂದು ಬೇಡಿಕೆ ಬರೆದಿಡುತ್ತಿದ್ದರು. ಬೆನ್ನು ಬಗ್ಗಿಸಿ, ಕತ್ತು ನೋಯಿಸಿಕೊಂಡು ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ ಎಂಬ ಅರ್ಥದ್ದು. ಅದರ ಜೊತೆಗೆ ಪುಸ್ತಕವೇ ಬಾಯಿಬಿಟ್ಟು ಕೇಳುವಂಥ ಇನ್ನೊಂದು ಮಾತೂ ಇರುತ್ತಿತ್ತು: ನನ್ನನ್ನು ಎಣ್ಣೆಗೆ ಕೊಡಬೇಡಿ, ಸಡಿಲ ಕಟ್ಟಿಗೆ ಬಿಡಬೇಡಿ, ನೀರಿಗೆ ಕೊಡಬೇಡಿ ಎಂದು.