ತಂತ್ರಾಂಶಕ್ಕೆ ಹೊಸ ಆಯ್ಕೆ, ಹಳೆಯ ದಾಖಲೆಗೆ ತಪ್ಪು ಅರ್ಥ

ಅಂತರಜಾಲ ಮಳಿಗೆಯೊಂದರ ತಂತ್ರಾಂಶದಲ್ಲಿ ಆರ್ಡರ್‌ಗೆ ಮೂರೇ ಸ್ಥಿತಿಗಳಿವೆ ಎಂದಿಟ್ಟುಕೊಳ್ಳಿ: ಸ್ವೀಕೃತ, ರವಾನೆ, ವಿತರಣೆ. ಹೀಗೆ ಮೊದಲೇ ನಿಗದಿಯಾದ ಹೆಸರುಗಳ ಪಟ್ಟಿಗೆ ಜಾವಾ, ಸಿ ಶಾರ್ಪ್ ಮೊದಲಾದ ಭಾಷೆಗಳಲ್ಲಿ ‘ಎನಮ್’ ಎಂಬ ಹೆಸರಿದೆ. ಜಾವಾದಲ್ಲಿ ಪ್ರತಿ ಹೆಸರಿಗೂ ಪಟ್ಟಿಯಲ್ಲಿನ ಸ್ಥಾನಕ್ಕೆ ಅನುಗುಣವಾಗಿ 0, 1, 2 ಎಂಬ ಕ್ರಮಾಂಕವೂ ಇರುತ್ತದೆ.

ಗಣಕದ ಮೆಮೊರಿಯಲ್ಲಿರುವ ಮಾಹಿತಿಯನ್ನು ಕಡತದಲ್ಲಿ ಉಳಿಸಲು ಅಥವಾ ಮತ್ತೊಂದು ಗಣಕಕ್ಕೆ ಕಳುಹಿಸಲು ಬೈಟ್‌ಗಳ ಸಾಲಾಗಿ ಪರಿವರ್ತಿಸುವುದೇ ಸೀರಿಯಲೈಸೇಶನ್. ಆಗ ಕ್ರಮಾಂಕವನ್ನಷ್ಟೇ ಬರೆದಿಟ್ಟರೆ ಜಾಗ ಉಳಿಯುತ್ತದೆ, ನಿಜ. ಆದರೆ ಕೆಲಕಾಲದ ನಂತರ ‘ಸ್ವೀಕೃತ’ ಮತ್ತು ‘ರವಾನೆ’ಗಳ ನಡುವೆ ‘ರದ್ದು’ ಎಂಬ ಹೊಸ ಸ್ಥಿತಿ ಸೇರಿತೆನ್ನಿ. 1 ಎಂದು ದಾಖಲಾಗಿದ್ದ ರವಾನೆಗಳೆಲ್ಲವೂ ರದ್ದಾದಂತೆ ತೋರುತ್ತವೆ. ಗ್ರಾಹಕರ ಕೈಸೇರಿದ್ದ ಸರಕು ಇನ್ನೂ ದಾರಿಯಲ್ಲಿದೆ ಎಂದು ಪರದೆ ಹೇಳುತ್ತದೆ. ದೋಷಸೂಚನೆ ಬರುವುದೇ ಇಲ್ಲ. ಅಪಾಯವಿರುವುದು ಇಲ್ಲಿಯೇ.

2004ರಲ್ಲಿ ಜಾವಾ 5ನೇ ಆವೃತ್ತಿಯೊಂದಿಗೆ ಬಂದ ಎನಮ್ ಈ ಬಲೆಗೆ ಬೀಳುವುದಿಲ್ಲ. ಜಾವಾದ ಸ್ವಂತ ಸೀರಿಯಲೈಸೇಶನ್ ಹೆಸರನ್ನು ಮಾತ್ರ ಬರೆಯುತ್ತದೆ, ಕ್ರಮಾಂಕವನ್ನು ಬರೆಯುವುದಿಲ್ಲ. ಹೆಸರನ್ನೇ ಬದಲಿಸಿದರೆ ಹಳೆಯ ಕಡತ ಓದಲಾಗದೆ ಕೆಲಸ ನಿಲ್ಲುತ್ತದೆ. ಸದ್ದಿಲ್ಲದೆ ಸುಳ್ಳು ಹೇಳುವುದಕ್ಕಿಂತ ಇದು ಎಷ್ಟೋ ಮೇಲು. ಇದೇ ಜಾವಾ ಲೋಕದಲ್ಲಿ, ಡೇಟಾಬೇಸ್‌ಗೆ ಮಾಹಿತಿ ತುಂಬಲು ಬಳಸುವ ‘ಜೆಪಿಎ’ ಮಾನದಂಡವು ಪ್ರೋಗ್ರಾಮರ್ ಬೇರೆ ಸೂಚನೆ ನೀಡದಿದ್ದರೆ ಕ್ರಮಾಂಕವನ್ನೇ ಉಳಿಸುತ್ತದೆ ಎಂಬುದು ಸೋಜಿಗ.

ಹಲವು ವಸ್ತುಗಳನ್ನು ಒಟ್ಟಿಗೆ ಹಿಡಿದಿಡುವ ‘ಕಲೆಕ್ಷನ್’ಗಳಲ್ಲೂ ಇಂಥದೇ ಪ್ರಶ್ನೆ ಏಳುತ್ತದೆ. ‘ಹ್ಯಾಶ್‌ಮ್ಯಾಪ್’ ತನ್ನ ಪ್ರತಿಯೊಂದು ಕೀಲಿಯನ್ನೂ ಅದರ ಹ್ಯಾಶ್ ಸಂಖ್ಯೆಗೆ ತಕ್ಕ ಗೂಡಿನಲ್ಲಿ ಇಡುತ್ತದೆ. ಎನಮ್ ಕೀಲಿಯ ಹ್ಯಾಶ್ ಸಂಖ್ಯೆಯಾದರೋ ತಂತ್ರಾಂಶವನ್ನು ಚಾಲೂ ಮಾಡಿದಾಗಲೆಲ್ಲ ಬದಲಾಗಬಹುದು. ಆದ್ದರಿಂದ ಜಾವಾ ಗೂಡುಗಳ ವಿನ್ಯಾಸವನ್ನು ಉಳಿಸದೆ ಕೀಲಿ-ಮೌಲ್ಯಗಳ ಜೋಡಿಗಳನ್ನಷ್ಟೇ ಬರೆದು, ಓದುವಾಗ ಹೊಸದಾಗಿ ಹಂಚುತ್ತದೆ.

ಎನಮ್‌ಗಳಿಗೆಂದೇ ಇರುವ ‘ಎನಮ್‌ಸೆಟ್’ ಇನ್ನೂ ಸ್ವಾರಸ್ಯಕರ. ಪಟ್ಟಿಯಲ್ಲಿ 64ರವರೆಗೆ ಹೆಸರುಗಳಿದ್ದರೆ ಇಡೀ ಗುಂಪು ಒಂದೇ 64 ಬಿಟ್‌ಗಳ ಸಂಖ್ಯೆಯಲ್ಲಿ ಅಡಗುತ್ತದೆ. ಯಾವ ಬಿಟ್ ಯಾರದೆಂದು ತೀರ್ಮಾನಿಸುವುದು ಕ್ರಮಾಂಕ. ಆ ಸಂಖ್ಯೆಯನ್ನೇ ಬರೆದಿಟ್ಟರೆ ‘ರದ್ದು’ ತಂದ ಗೊಂದಲ ಮರುಕಳಿಸುತ್ತಿತ್ತು. ಎನಮ್‌ಸೆಟ್ ಹಾಗೆ ಮಾಡದೆ ತನ್ನ ಸದಸ್ಯರನ್ನು ಒಂದೊಂದಾಗಿ ಬರೆಸುತ್ತದೆ. ಮತ್ತೆ ಓದುವಾಗ ಅಂದಿನ ಪಟ್ಟಿಗೆ ತಕ್ಕಂತೆ ಬಿಟ್‌ಗಳನ್ನು ಜೋಡಿಸಿಕೊಳ್ಳುತ್ತದೆ.