ಬೆಂಕಿಪೊಟ್ಟಣವಿಲ್ಲದೆ ಬೆಂಕಿ: ದಹನದ ಪಾಠದಲ್ಲಿ ನಾನು ಕಲಿತದ್ದು

ಬೋಧನಾಭ್ಯಾಸದಲ್ಲಿ ಎಂಟನೆಯ ತರಗತಿಗೆ ‘ದಹನ ಮತ್ತು ಜ್ವಾಲೆ’ ನನ್ನ ಪಾಲಿಗೆ ಬಂತು. ಕಡ್ಡಿ ಗೀರಿ ಮೇಣದಬತ್ತಿ ಹಚ್ಚಿದರೆ ಮಕ್ಕಳಿಗೆ ಹೊಸದೇನೂ ಇಲ್ಲ. ಬೆಂಕಿಪೊಟ್ಟಣ ನೆನೆದಾಗ ಚಾರಣಿಗರು ಬಳಸುವ ಉಪಾಯಗಳಿಂದಲೇ ಪಾಠ ಆರಂಭಿಸೋಣವೆಂದು ಯೋಜನೆ ಬರೆದೆ. ಮೊದಲನೆಯದು ಪೀನ ಮಸೂರ.

ನಡುಮಧ್ಯಾಹ್ನ ಶಾಲೆಯ ಅಂಗಳದಲ್ಲಿ 5 ಸೆಂ.ಮೀ. ವ್ಯಾಸದ ಮಸೂರವನ್ನು ಬಿಳಿ ಹತ್ತಿಯ ಉಂಡೆಯ ಮೇಲೆ ಹಿಡಿದೆ. ಐದು ನಿಮಿಷವಾದರೂ ಹೊಗೆಯಿಲ್ಲ. ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರು. ನನ್ನ ಬೆವರಿಗೆ ಬಿಸಿಲೊಂದೇ ಕಾರಣವಲ್ಲ. ಆಗ ಹಿಂದೆ ನಿಂತಿದ್ದ ಹುಡುಗನೊಬ್ಬ, “ಸಾರ್, ಹತ್ತಿ ಬೆಳ್ಳಗಿದೆ. ನಮ್ಮಜ್ಜ ಚಕಮಕಿ ಕಲ್ಲಿನ ಜೊತೆ ಸುಟ್ಟ ಬಟ್ಟೆ ಇಟ್ಕೋತಿದ್ರಂತೆ” ಎಂದ. ಯೋಜನೆಯಲ್ಲಿಲ್ಲದ ಮಾತು. ಕೇಳಿಸದವನಂತೆ ಪಾಠ ಮುಂದುವರಿಸಿದೆ. ಹುಡುಗ ಹೇಳಿದ್ದೇ ಸರಿ ಎಂದು ಹೊಳೆದದ್ದು ರಾತ್ರಿ.

ಲೆಕ್ಕ ಹಾಕಿ ನೋಡಿ. ನಡುಹಗಲ ಬಿಸಿಲಿನ ಶಕ್ತಿ ಚದರ ಮೀಟರಿಗೆ ಸುಮಾರು 1000 ವ್ಯಾಟ್. ನನ್ನ ಮಸೂರದ ವಿಸ್ತೀರ್ಣ ಸುಮಾರು 20 ಚದರ ಸೆಂ.ಮೀ.; ಅದು ಒಟ್ಟುಗೂಡಿಸುವುದು ಹೆಚ್ಚೆಂದರೆ 2 ವ್ಯಾಟ್. ಅದರಲ್ಲೂ ಬಹುಪಾಲನ್ನು ಬಿಳಿ ಹತ್ತಿ ಪ್ರತಿಫಲಿಸಿಬಿಟ್ಟರೆ ಜ್ವಲನ ತಾಪ ತಲುಪುವುದು ಹೇಗೆ?

ಅಜ್ಜನ ಬಟ್ಟೆಯ ಗುಟ್ಟು ಕಪ್ಪು ಬಣ್ಣವಷ್ಟೇ ಅಲ್ಲ. ಹತ್ತಿ ಬಟ್ಟೆಯ ತುಂಡುಗಳನ್ನು ಸಣ್ಣ ತೂತಿರುವ ತಗಡಿನ ಡಬ್ಬಿಯಲ್ಲಿ ಮುಚ್ಚಿ ಕೆಂಡದ ಮೇಲಿಟ್ಟರೆ, ಒಳಗೆ ಗಾಳಿ ಸಾಲದೆ ಅವು ಉರಿಯುವುದಿಲ್ಲ. ಆವಿಯಾಗುವ ಅಂಶಗಳು ತೂತಿನಿಂದ ಹೊಗೆಯಾಗಿ ಹೊರಟು ಬಹುಮಟ್ಟಿಗೆ ಇಂಗಾಲ ಉಳಿಯುತ್ತದೆ. ಡಬ್ಬಿ ಪೂರ್ತಿ ತಣಿಯುವ ಮೊದಲು ತೆರೆಯಬಾರದು. ಗಾಳಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಈ ಕರಿಬಟ್ಟೆಗೆ ಚಕಮಕಿಯ ಒಂದು ಕಿಡಿ ಸಾಕು. (ಆ ಕಿಡಿ ಕಲ್ಲಿನ ಚೂರಲ್ಲ, ಕಲ್ಲು ಕೆರೆದು ತೆಗೆದ ಉಕ್ಕಿನ ಕಣ. ಇದೂ ನನಗೆ ಆಗಲೇ ತಿಳಿದದ್ದು.) ಬಟ್ಟೆಯಲ್ಲಿ ಜ್ವಾಲೆ ಏಳುವುದಿಲ್ಲ, ಕೆಂಪು ಅಂಚು ಮೆಲ್ಲಗೆ ಹರಡುತ್ತದೆ. ಮೇಣ ಆವಿಯಾಗಿ ಉರಿಯುವುದರಿಂದ ಜ್ವಾಲೆ ಬರುತ್ತದೆ, ಇದ್ದಿಲು ಬರಿದೆ ಕೆಂಪಾಗುತ್ತದೆ ಎಂದು ನಾವು ಬಾಯಿಪಾಠ ಮಾಡಿಸುವ ವ್ಯತ್ಯಾಸ ಇಲ್ಲಿ ಕಣ್ಣಿಗೇ ಕಾಣುತ್ತದೆ. ಜ್ವಾಲೆ ಬೇಕಿದ್ದರೆ ಒಣ ತೆಂಗಿನ ನಾರಿನಲ್ಲಿ ಸುತ್ತಿ ಊದಬೇಕು.

ಮುಂದಿನ ಅವಧಿಯಲ್ಲಿ ಮಸೂರವನ್ನು ಆ ಹುಡುಗನ ಕೈಗೇ ಕೊಟ್ಟೆ. ಕೆಲವೇ ಸೆಕೆಂಡುಗಳಲ್ಲಿ ಬಟ್ಟೆ ಕೆಂಪಾಯಿತು. “ಮೊನ್ನೆ ನೀನು ಹೇಳಿದ್ದು ಸರಿ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ” ಎಂದು ಎಲ್ಲರೆದುರು ಹೇಳಿದೆ. ಹೇಳುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ.

ಎರಡನೆಯ ಉಪಾಯ ಸ್ಟೀಲ್ ವುಲ್. ಮರಕ್ಕೆ ಪಾಲಿಶ್ ಹಾಕುವವರು ಬಳಸುವ ನವಿರು ಎಳೆಯದ್ದೇ ಆಗಬೇಕು. ಪಾತ್ರೆ ತಿಕ್ಕುವ ದಪ್ಪ ಸ್ಟೀಲ್ ನಾರು ಹೊತ್ತುವುದಿಲ್ಲ. 9 ವೋಲ್ಟ್ ಬ್ಯಾಟರಿಯ ಎರಡೂ ಧ್ರುವಗಳಿಗೆ ಒಮ್ಮೆಲೇ ತಾಗಿಸಿದರೆ ವಿದ್ಯುತ್ ಹರಿದು ಎಳೆಗಳು ಕಾದು ಉರಿಯುತ್ತವೆ. ಕಬ್ಬಿಣದ ಮೊಳೆ ಉರಿಯದು, ಎಳೆ ಉರಿಯುತ್ತದೆ: ಗಾಳಿಗೆ ತೆರೆದ ಮೇಲ್ಮೈ ಹೆಚ್ಚು, ಕಾಯಬೇಕಾದ ರಾಶಿ ಕಡಿಮೆ. ಉರಿದದ್ದನ್ನು ತೂಗಿದಾಗ ತೂಕ ಹೆಚ್ಚಾಗಿತ್ತು. “ಸುಟ್ಟರೆ ಹಗುರಾಗಬೇಕಲ್ವಾ ಸಾರ್?” ಎಂಬ ಪ್ರಶ್ನೆಯಿಂದ ಆಕ್ಸಿಜನ್ ಸೇರುವ ಮಾತಿಗೆ ದಾರಿ ತಾನಾಗಿ ತೆರೆಯಿತು. ಇಂಥ ಬ್ಯಾಟರಿಯನ್ನು ಕೀಲಿಕೈ, ನಾಣ್ಯಗಳ ಜೊತೆ ಜೇಬಿನಲ್ಲಿಡಬಾರದೆಂಬ ಎಚ್ಚರಿಕೆಯೂ ಅಲ್ಲೇ ಹೇಳಲು ಬಂತು.

ಮೂರನೆಯದು ಪೊಟ್ಯಾಸಿಯಮ್ ಪರ್ಮಾಂಗನೇಟ್ ಮತ್ತು ಗ್ಲಿಸರಿನ್. ಮೇಡಂ ಅದನ್ನು ಯೋಜನೆಯಲ್ಲೇ ಹೊಡೆದುಹಾಕಿದ್ದರು. ಆಗ ಬೇಸರವಾಗಿತ್ತು, ಈಗ ಅವರದೇ ಸರಿ ಅನ್ನಿಸುತ್ತದೆ. ಎರಡೂ ಔಷಧ ಅಂಗಡಿಯಲ್ಲಿ ಸಿಗುತ್ತವೆ, ಬೆರೆಸಿದ ಕೂಡಲೇ ಹೊತ್ತುವುದಿಲ್ಲ. ಏನೂ ಆಗಲಿಲ್ಲವೆಂದು ಮಗು ಬಗ್ಗಿ ನೋಡುವ ಹೊತ್ತಿಗೇ ಉರಿ ಏಳುತ್ತದೆ. “ಕಾಡಲ್ಲಿ ಮಾಡಿ ನೋಡಬಹುದಾ?” ಎಂದು ಮಸೂರದ ಬಗ್ಗೆ ಒಬ್ಬಳು ಕೇಳಿದಾಗ, ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧವೆಂದು ಹೇಳಿದೆ. ನಮ್ಮ ಪ್ರಯೋಗವೂ ಮರಳಿನ ಬಕೆಟ್ ಪಕ್ಕದಲ್ಲಿಟ್ಟುಕೊಂಡೇ ನಡೆದದ್ದು.

ಕರಿಬಟ್ಟೆ ಮಾಡಿಕೊಳ್ಳುವ ಸಹಪಾಠಿಗಳು ಹಳೆಯ ಹತ್ತಿ ಪಂಚೆಯನ್ನೇ ಬಳಸಿ. ನನ್ನ ಮೊದಲ ಡಬ್ಬಿಗೆ ಪಾಲಿಯೆಸ್ಟರ್ ಬೆರೆತ ಬಟ್ಟೆ ಹಾಕಿದ್ದೆ. ಅದು ಕರಗಿ ತಳಕ್ಕೆ ಅಂಟಿಕೊಂಡಿತು.